ನಿಮಗಿದು ಗೊತ್ತೇ? ಸುದ್ದಿ ಕೇಳಿದರೆ ಸಾಲದು, ತಿಳಿಯಬೇಕು

ದಿನಕ್ಕೊಂದು ಕಂತು. ಹತ್ತು-ಇಪ್ಪತ್ತು ನಿಮಿಷ. ಅಂದಿನ ಸುದ್ದಿಗಳಲ್ಲಿ ಒಂದನ್ನು ಹಿಡಿದು, ಅದರ ಹಿಂದುಮುಂದನ್ನೆಲ್ಲ ಎಲ್ಲರಿಗೂ ತಿಳಿಯುವಂತೆ ಬಿಡಿಸಿ ಹೇಳುವುದು. ಪ್ರಚಲಿತ ವಿದ್ಯಮಾನಗಳ ಪಾಡ್‌ಕಾಸ್ಟ್ ಮಾಡುವ ಕೆಲಸ ಇದು. ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿಯ ಜನರ ಕಿವಿಗೆ ಟಿಎಂಸಿ, ಕ್ಯುಸೆಕ್, ಐಸಿಸಿ ಸಭೆ, 371 (ಜೆ), ‘ಸಿ’ ವರ್ಗದ ಗಣಿ ಎಂಬ ಮಾತುಗಳು ವರ್ಷವಿಡೀ ಬೀಳುತ್ತಲೇ ಇರುತ್ತವೆ. ಅವುಗಳಿಗೂ ನಮ್ಮ ಗದ್ದೆಗೂ ನಮ್ಮ ಕೆಲಸಕ್ಕೂ ಏನು ನಂಟು ಎಂದು ಹೇಳುವವರು ಕಡಿಮೆ. ಆದ್ದರಿಂದ ಈ ಸಲ ಸುದ್ದಿಯನ್ನು ಬಿಡಿಸಿ ಹೇಳುವ ಕಲೆಯ ಬಗ್ಗೆ, ಮತ್ತು ಈ ನಾಲ್ಕು ಊರುಗಳಲ್ಲಿ ಬಿಡಿಸಿ ಹೇಳಲೇಬೇಕಾದ ಸುದ್ದಿಗಳ ಬಗ್ಗೆ.

ದನಿಯ ದಾರಿ

● ಹಂಪಿಯ ವಿರೂಪಾಕ್ಷ ಗುಡಿಯಲ್ಲಿ ಕೃಷ್ಣದೇವರಾಯನ ಪಟ್ಟಾಭಿಷೇಕದ ಕಾಲದ ಶಾಸನವಿದೆ. 1509-10ರ ಸುಮಾರಿನದು. ರಂಗಮಂಟಪ ಮತ್ತು ಗೋಪುರ ಕಟ್ಟಿಸಿದ ಸಂಗತಿಯನ್ನು ಹೇಳುವ ಈ ಶಾಸನದಲ್ಲಿ ಸಂಸ್ಕೃತವೂ ಇದೆ, ಕನ್ನಡವೂ ಇದೆ. ಅರಮನೆಯ ಸುದ್ದಿ ನೆಲದ ಮಾತಿನಲ್ಲೂ ಇರಬೇಕೆಂಬುದು ಆಗಲೇ ಗೊತ್ತಿತ್ತು.

● ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಶುರುವಾದದ್ದು 1843ರ ಜುಲೈ 1ರಂದು, ಹರ್ಮನ್ ಮೋಗ್ಲಿಂಗ್ ಅವರ ಸಂಪಾದಕತ್ವದಲ್ಲಿ. ಮರುವರ್ಷವೇ ಅದು ‘ಕನ್ನಡ ಸಮಾಚಾರ’ ಎಂಬ ಹೆಸರಿನಲ್ಲಿ ಬಳ್ಳಾರಿಯಲ್ಲಿ ಅಚ್ಚಾಗತೊಡಗಿತು. ಮಂಗಳೂರಿನಲ್ಲಿ ಇದ್ದದ್ದು ಕಲ್ಲಚ್ಚು. ಬಳ್ಳಾರಿಯಲ್ಲಿ ಮೊಳೆಯಚ್ಚಿನ ಮುದ್ರಣಾಲಯವೇ ಇತ್ತು. ಕನ್ನಡ ಪತ್ರಿಕೋದ್ಯಮದ ಎರಡನೆಯ ಹೆಜ್ಜೆ ಬಿದ್ದದ್ದು ನಮ್ಮ ಸೀಮೆಯಲ್ಲಿ.

● ರೇಡಿಯೊ ಹುಟ್ಟುವ ಮೊದಲೇ ‘ಕೇಳುವ ಪತ್ರಿಕೆ’ ಇತ್ತು! 1893ರಲ್ಲಿ ಹಂಗೇರಿಯ ಬುಡಾಪೆಸ್ಟ್ ನಗರದಲ್ಲಿ ತಿವಾದರ್ ಪುಷ್ಕಾಶ್ ಎಂಬವರು ಟೆಲಿಫೋನ್ ತಂತಿಯ ಮೂಲಕ ಮನೆಮನೆಗೆ ಸುದ್ದಿ ಓದಿಸುವ ಸೇವೆ ಆರಂಭಿಸಿದರು. ಚಂದಾದಾರರು ಫೋನನ್ನು ಕಿವಿಗಿಟ್ಟುಕೊಂಡರೆ ಸಾಕಿತ್ತು.

● 1935ರ ಸೆಪ್ಟೆಂಬರ್ 10ರಂದು ಮೈಸೂರಿನಲ್ಲಿ ಮಹಾರಾಜ ಕಾಲೇಜಿನ ಮನಶ್ಶಾಸ್ತ್ರ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಿಂದಲೇ ಪ್ರಸಾರ ಶುರು ಮಾಡಿದರು. ‘ಆಕಾಶವಾಣಿ’ ಎಂಬ ಹೆಸರು ಅಲ್ಲಿಂದಲೇ ಇಡೀ ದೇಶಕ್ಕೆ ಹಬ್ಬಿತು. ಮನೆಯ ಕೋಣೆಯಲ್ಲಿ ಕೂತು ಮೈಕ್ ಹಿಡಿಯುವ ಇಂದಿನ ಹುಡುಗ ಹುಡುಗಿಯರಿಗೆ ಅವರೇ ಹಿರಿಯರು.

● ಉತ್ತರದ ಕನ್ನಡಿಗರಿಗೆ ಧಾರವಾಡ ಕೇಂದ್ರ 1950ರಲ್ಲಿ, ಕಲಬುರಗಿ ಕೇಂದ್ರ 1966ರಲ್ಲಿ ಬಂದವು. ಹೊಸಪೇಟೆಗೆ ಈಗ ತನ್ನದೇ ಆಕಾಶವಾಣಿ ಇದೆ: ಎಫ್‌ಎಂ 100.5 ಮೆಗಾಹರ್ಟ್ಸ್.

● ಬೆಳಗಿನ ಪ್ರದೇಶ ಸಮಾಚಾರ ತಪ್ಪಿಹೋಯಿತೇ? ಬೆಂಗಳೂರು ಮತ್ತು ಧಾರವಾಡದ ಕನ್ನಡ ವಾರ್ತೆಗಳ ಧ್ವನಿಮುದ್ರಣ ಆಕಾಶವಾಣಿಯ ‘ನ್ಯೂಸ್ ಆನ್ ಏರ್’ನಲ್ಲಿ ಸಿಗುತ್ತದೆ. ಬೇಕೆಂದಾಗ ಹಾಕಿಕೊಂಡು ಕೇಳಬಹುದು. ಪಾಡ್‌ಕಾಸ್ಟ್ ಎಂಬ ಹೆಸರಿಲ್ಲದಿದ್ದರೂ ಕೆಲಸ ಅದೇ.

ಪಾಡ್‌ಕಾಸ್ಟ್ ಲೆಕ್ಕ

● ‘ಪಾಡ್‌ಕಾಸ್ಟಿಂಗ್’ ಎಂಬ ಮಾತು ಮೊದಲು ಅಚ್ಚಾದದ್ದು 2004ರ ಫೆಬ್ರುವರಿಯಲ್ಲಿ, ಲಂಡನ್ನಿನ ‘ಗಾರ್ಡಿಯನ್’ ಪತ್ರಿಕೆಗೆ ಬೆನ್ ಹ್ಯಾಮರ್ಸ್ಲಿ ಬರೆದ ಲೇಖನದಲ್ಲಿ. 2005ರ ಜೂನ್‌ನಲ್ಲಿ ಆ್ಯಪಲ್ ತನ್ನ ಐಟ್ಯೂನ್ಸ್‌ಗೆ ಪಾಡ್‌ಕಾಸ್ಟ್ ಸೇರಿಸಿದ ಮೇಲೆ ಅದು ಮನೆಮಾತಾಯಿತು.

● ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ‘ದಿ ಡೈಲಿ’ 2017ರ ಫೆಬ್ರುವರಿ 1ರಂದು ಆರಂಭವಾಯಿತು. ಹತ್ತಾರು ಸುದ್ದಿಗಳನ್ನು ಓಡಿಸುವ ಬದಲು ಒಂದೇ ಸುದ್ದಿಯನ್ನು ಅದನ್ನು ವರದಿ ಮಾಡಿದವರ ಬಾಯಿಂದಲೇ ಬಿಡಿಸಿ ಹೇಳಿಸುವುದು ಅದರ ಕ್ರಮ. ಜಗತ್ತಿನ ಎಷ್ಟೋ ಪತ್ರಿಕೆಗಳು ಆಮೇಲೆ ಈ ಜಾಡು ಹಿಡಿದವು. ನಮ್ಮಲ್ಲಿ ಇಂಡಿಯನ್ ಎಕ್ಸ್‌ಪ್ರೆಸ್‌ನ ‘3 ಥಿಂಗ್ಸ್’ ದಿನಕ್ಕೆ ಮೂರು ಸುದ್ದಿ ಆರಿಸಿಕೊಳ್ಳುತ್ತದೆ.

● ಕನ್ನಡವೂ ಹಿಂದೆ ಬಿದ್ದಿಲ್ಲ. ಪವನ್ ಶ್ರೀನಾಥ್ ಮತ್ತು ಗೆಳೆಯರ ‘ತಲೆ-ಹರಟೆ’ ಸಾರ್ವಜನಿಕ ನೀತಿಯಿಂದ ಹಿಡಿದು ವಿಜ್ಞಾನದವರೆಗೆ ಎಲ್ಲವನ್ನೂ ಕನ್ನಡದಲ್ಲೇ ಚರ್ಚಿಸಿ ತೋರಿಸಿತು. ‘ಪ್ರಜಾವಾಣಿ’ ತನ್ನ ಸಂಪಾದಕೀಯವನ್ನು ಓದಿ ಕೇಳಿಸಿದೆ.

● ಡೇಟಾ ಖಾಲಿಯಾದೀತೆಂಬ ಹೆದರಿಕೆ ಬೇಡ. ಮಾತಿನ ಕಾರ್ಯಕ್ರಮಕ್ಕೆ 64 ಕೆಬಿಪಿಎಸ್ ಗುಣಮಟ್ಟ ಸಾಕು. ಆ ಲೆಕ್ಕದಲ್ಲಿ ಹತ್ತು ನಿಮಿಷದ ಕಂತು 5 ಎಂಬಿ ಕೂಡ ಆಗುವುದಿಲ್ಲ. ಮನೆಯಲ್ಲಿ ಇಳಿಸಿಕೊಂಡು ಹೊರಟರೆ ಗದ್ದೆಯಲ್ಲಿ ನೆಟ್‌ವರ್ಕ್ ಇಲ್ಲದಿದ್ದರೂ ಕೇಳಬಹುದು.

● ಸಂಡೂರಿನವರಿಗೆ ಇದು ಹೆಚ್ಚು ಒಪ್ಪುವ ಮಾತು. ಎಫ್‌ಎಂ ಅಲೆಗಳು ಹೆಚ್ಚೂಕಡಿಮೆ ನೇರ ದಾರಿಯಲ್ಲಿ ಸಾಗುತ್ತವೆ, ಬೆಟ್ಟ ಅಡ್ಡ ಬಂದರೆ ಸೊರಗುತ್ತವೆ. ಸಂಡೂರು ಕಣಿವೆಯ ಸುತ್ತ ಬೆಟ್ಟಗಳ ಕೋಟೆ. ನಾರಿಹಳ್ಳ ಕೂಡ ಭೀಮಗಂಡಿಯಲ್ಲಿ ಒಳನುಗ್ಗಿ ಓಬಳಗಂಡಿಯಲ್ಲಿ ಹೊರಬೀಳಬೇಕು. ಮೊಬೈಲಿಗೆ ಇಳಿಸಿಕೊಂಡ ಕಂತಿಗೆ ಯಾವ ಗಂಡಿಯೂ ಬೇಕಿಲ್ಲ.

● ಖಾಸಗಿ ಎಫ್‌ಎಂ ವಾಹಿನಿಗಳು ಮತ್ತು ಸಮುದಾಯ ಬಾನುಲಿಗಳು ಭಾರತದಲ್ಲಿ ತಮ್ಮದೇ ಸುದ್ದಿ ಪ್ರಸಾರ ಮಾಡುವಂತಿಲ್ಲ. ಆಕಾಶವಾಣಿಯ ವಾರ್ತೆಯನ್ನು ಮರುಪ್ರಸಾರ ಮಾಡಬಹುದು, ಅಷ್ಟೇ. ಪಾಡ್‌ಕಾಸ್ಟಿಗೆ ಬಾನುಲಿಯ ಪರವಾನಗಿ ಬೇಕಿಲ್ಲ. ಹಾಗೆಂದು ಹೊಣೆ ತಪ್ಪುವುದಿಲ್ಲ: ಡಿಜಿಟಲ್ ಸುದ್ದಿ ಪ್ರಕಾಶಕರಿಗೆ 2021ರ ಐಟಿ ನಿಯಮಗಳಿವೆ, ಮಾನಹಾನಿಯ ಕಾನೂನೂ ಇದೆ.

● ಅಲೆಗೆ ಅನುಮತಿ ಸಿಗದ ಕಾಲದಲ್ಲಿ ಕೋಲಾರ ಜಿಲ್ಲೆಯ ಬೂದಿಕೋಟೆಯ ‘ನಮ್ಮ ಧ್ವನಿ’ ಕೇಬಲ್ ಮೂಲಕವೇ ಮನೆಗಳಿಗೆ ಕಾರ್ಯಕ್ರಮ ಮುಟ್ಟಿಸಿತ್ತು. ಹಳ್ಳಿಯವರು ತಮ್ಮ ಮಾತನ್ನು ತಾವೇ ಹೇಳಿಕೊಳ್ಳಬಲ್ಲರು ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ.

ಒಂದು ಕಂತಿನ ವಸ್ತು: 19ನೇ ಗೇಟು

● 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಕ್ರಸ್ಟ್ ಗೇಟಿನ ಚೈನ್ ತುಂಡಾಗಿ ಗೇಟು ಕೊಚ್ಚಿಹೋಯಿತು. ಡ್ಯಾಂ ಆಗ ತುಂಬಿತ್ತು. ನದಿಪಾತ್ರದ ಊರುಗಳಲ್ಲಿ ಭೀತಿ, ರೈತರಲ್ಲಿ ಬೆಳೆಯ ಚಿಂತೆ. ಮೊಬೈಲ್‌ಗಳಲ್ಲಿ ವದಂತಿಗಳು ಹರಿದಾಡಿದವು. ಬಿಡಿಸಿ ಹೇಳುವ ದನಿಯೊಂದು ಬೇಕೇ ಬೇಕು ಅನ್ನಿಸುವುದು ಇಂಥ ರಾತ್ರಿಗಳಲ್ಲಿ.

● ಡ್ಯಾಮಿನಲ್ಲಿ ಇಂಥ ಗೇಟುಗಳು 33. ಒಂದೊಂದೂ 60 ಅಡಿ ಅಗಲ, 20 ಅಡಿ ಎತ್ತರ. ಒಂದು ಗೇಟು ಹೋದರೆ ಉಳಿದವನ್ನೂ ಯಾಕೆ ತೆರೆದರು ಎಂದು ಎಷ್ಟೋ ಜನ ಕೇಳಿದರು. ನೀರು ಒಂದೇ ಕಡೆ ಧುಮುಕದೆ ಹಂಚಿಹೋಗಲಿ, ಒತ್ತಡ ತಗ್ಗಲಿ, ದುರಸ್ತಿಗೆ ನೀರಿನ ಮಟ್ಟ ಇಳಿಯಲಿ ಎಂಬುದೇ ಕಾರಣ. ಈ ಒಂದು ವಾಕ್ಯ ಆ ದಿನ ಎಲ್ಲರ ಕಿವಿಗೂ ಬಿದ್ದಿದ್ದರೆ ಅರ್ಧ ದಿಗಿಲು ಕಡಿಮೆಯಾಗುತ್ತಿತ್ತು.

● ಗೇಟ್ ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ನೀರು ರಭಸದಿಂದ ಹರಿಯುತ್ತಿರುವಾಗಲೇ, ತಾತ್ಕಾಲಿಕ ಸ್ಟಾಪ್‌ಲಾಗ್ ಗೇಟನ್ನು ತುಂಡು ತುಂಡಾಗಿ ಇಳಿಸಿ ಕೂರಿಸಿದರು. ಗೇಟು ಹೋದ ಒಂದು ವಾರದಲ್ಲಿ ನೀರು ನಿಂತಿತು. ಕೆಲಸಗಾರರು ಜೀವ ಪಣಕ್ಕಿಟ್ಟು ಮಾಡಿದ ಕೆಲಸ ಅದು. ಅವರಿಗೆ ಈ ಸೀಮೆ ಸದಾ ಋಣಿ.

● ‘ಒಂದು ಕ್ಯುಸೆಕ್’ ಎಂದರೆ ಸೆಕೆಂಡಿಗೆ ಒಂದು ಘನ ಅಡಿ ನೀರು, ಸುಮಾರು 28.3 ಲೀಟರ್. ಮನೆ ಮುಂದಿನ 200 ಲೀಟರಿನ ಡ್ರಮ್ಮು ಏಳು ಸೆಕೆಂಡಿನಲ್ಲಿ ತುಂಬುತ್ತದೆ. ಈಗ ‘ನದಿಗೆ ಒಂದು ಲಕ್ಷ ಕ್ಯುಸೆಕ್’ ಎಂಬ ಸುದ್ದಿಯನ್ನು ಮತ್ತೊಮ್ಮೆ ಓದಿ.

● ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ, ಸುಮಾರು 2,832 ಕೋಟಿ ಲೀಟರ್. ಅಷ್ಟು ನೀರನ್ನು ಸುಮಾರು 23,000 ಎಕರೆಯಲ್ಲಿ ಒಂದು ಅಡಿ ನಿಲ್ಲಿಸಬಹುದು.

● ಇವೆರಡನ್ನೂ ಜೋಡಿಸುವ ಸುಲಭ ಸೂತ್ರ: ಒಂದು ಲಕ್ಷ ಕ್ಯುಸೆಕ್ ನೀರು ಒಂದು ದಿನ ಪೂರ್ತಿ ಹರಿದರೆ 8.64 ಟಿಎಂಸಿ. ಒಳಹರಿವು, ಹೊರಹರಿವಿನ ಅಂಕಿ ಕೈಯಲ್ಲಿದ್ದರೆ ಡ್ಯಾಂ ಯಾವಾಗ ತುಂಬೀತು ಎಂದು ಯಾವ ರೈತ ಬೇಕಾದರೂ ಅಂದಾಜು ಹಾಕಬಹುದು.

● ಈ ಜಲಾಶಯಕ್ಕೆ ಮೊದಲಿದ್ದ ಸಾಮರ್ಥ್ಯ ಸುಮಾರು 133 ಟಿಎಂಸಿ. ಹೂಳು ತುಂಬಿ ಈಗ ಉಳಿದದ್ದು 105.788 ಟಿಎಂಸಿ. ಗರಿಷ್ಠ ಮಟ್ಟ 1,633 ಅಡಿಯೇ, ಬದಲಾಗಿಲ್ಲ. ಡ್ಯಾಂ ‘ತುಂಬಿತು’ ಎಂದ ಮಾತ್ರಕ್ಕೆ ಅಜ್ಜನ ಕಾಲದಷ್ಟು ನೀರು ಇದೆ ಎಂದಲ್ಲ.

● 2025ರ ಮಳೆಗಾಲದಲ್ಲಿ ಗೇಟುಗಳ ಸುರಕ್ಷತೆಗಾಗಿ 80 ಟಿಎಂಸಿಯಷ್ಟೇ ನಿಲ್ಲಿಸಿದರು. 33 ಗೇಟುಗಳನ್ನೂ ಬದಲಿಸುವ ತೀರ್ಮಾನವಾಯಿತು.

● ಐಸಿಸಿ ಎಂದರೆ ನೀರಾವರಿ ಸಲಹಾ ಸಮಿತಿ. ಕಾಲುವೆಗೆ ಎಂದಿನಿಂದ ಎಂದಿನವರೆಗೆ ನೀರು, ಎರಡನೇ ಬೆಳೆಗೆ ಸಿಕ್ಕೀತೇ ಎಂಬುದು ಅಲ್ಲಿ ನಿರ್ಧಾರ. ಕಂಪ್ಲಿಯ ಭತ್ತದ ರೈತ ಸಸಿಮಡಿ ಹಾಕುವ ಮುನ್ನ ಕಾಯುವುದು ಈ ಸಭೆಯ ಸುದ್ದಿಗೆ.

● ವಿಜಯನಗರ ಕಾಲದ ಕಾಲುವೆಗಳು ಇಂದೂ ಗದ್ದೆಗಳಿಗೆ ನೀರುಣಿಸುತ್ತಿವೆ. ರಾಯ ಕಾಲುವೆ, ಬಸವ ಕಾಲುವೆ, ತುರ್ತಾ ಕಾಲುವೆ, ಕಂಪ್ಲಿ ಕಾಲುವೆ ಎಂಬ ಹೆಸರುಗಳು ಪತ್ರಿಕೆಯ ಸುದ್ದಿಯಲ್ಲೂ ಬರುತ್ತವೆ, ಇತಿಹಾಸದ ಪುಟದಲ್ಲೂ ಬರುತ್ತವೆ.

● ಡ್ಯಾಮಿನಿಂದ ನದಿಗೆ ಹೆಚ್ಚು ನೀರು ಬಿಟ್ಟಾಗ ಮೊದಲು ಮುಳುಗುವ ಗುರುತುಗಳಲ್ಲಿ ಹಂಪಿಯ ಪುರಂದರ ಮಂಟಪ ಒಂದು. ಇನ್ನೂ ಏರಿದರೆ ಕಂಪ್ಲಿ ಸೇತುವೆ ಮುಳುಗಿ ಗಂಗಾವತಿಯ ಸಂಪರ್ಕ ಕಡಿಯುತ್ತದೆ. ಹೊರಹರಿವಿನ ಅಂಕಿಯ ಜೊತೆಗೇ ಇಂದು ಸೇತುವೆ ದಾಟಬಹುದೇ ಎಂದೂ ಹೇಳಿದರೆ ಆ ಸುದ್ದಿ ಪೂರ್ತಿಯಾದಂತೆ.

ಗಣಿ, ಗಡಿ, ಗುಡಿ

● ಅಕ್ರಮ ಗಣಿಗಾರಿಕೆ ಕುರಿತ ಲೋಕಾಯುಕ್ತ ಎನ್. ಸಂತೋಷ್ ಹೆಗ್ಡೆ ಅವರ ವರದಿ ಸಲ್ಲಿಕೆಯಾದದ್ದು 2011ರ ಜುಲೈ 27ರಂದು. ಎರಡೇ ದಿನಕ್ಕೆ, ಜುಲೈ 29ರಂದು, ಬಳ್ಳಾರಿ ಜಿಲ್ಲೆಯ ಕಬ್ಬಿಣದ ಅದಿರು ಗಣಿಗಾರಿಕೆಯನ್ನು ಸುಪ್ರೀಂ ಕೋರ್ಟ್ ನಿಲ್ಲಿಸಿತು. ಆ ಕಾನೂನು ಸಮರಕ್ಕೆ ಇಳಿದದ್ದು ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ.

● ಆಮೇಲೆ ಗಣಿಗಳನ್ನು ಎ, ಬಿ, ಸಿ ಎಂದು ವಿಂಗಡಿಸಿದರು. ಉಲ್ಲಂಘನೆ ಇಲ್ಲದ ಅಥವಾ ತೀರಾ ಕಡಿಮೆ ಇರುವವು ‘ಎ’, ಮಧ್ಯದವು ‘ಬಿ’, ಗಂಭೀರ ಅಕ್ರಮದವು ‘ಸಿ’. 2013ರಲ್ಲಿ ‘ಸಿ’ ವರ್ಗದ 51 ಗುತ್ತಿಗೆಗಳು ರದ್ದಾದವು.

● ಎಷ್ಟು ಅದಿರು ತೆಗೆಯಬಹುದೆಂಬುದಕ್ಕೂ ಮಿತಿ ಇದೆ. 2022ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ವಾರ್ಷಿಕ ಮಿತಿಯನ್ನು 3.5 ಕೋಟಿ ಟನ್ನಿಗೆ ಏರಿಸಿತು. ಸಂಡೂರಿನ ರಸ್ತೆಯಲ್ಲಿ ಲಾರಿ ಎಷ್ಟು ಓಡುತ್ತವೆ, ದೂಳು ಎಷ್ಟು ಏಳುತ್ತದೆ ಎಂಬುದು ಈ ಅಂಕಿಯ ಮೇಲೆ ನಿಂತಿದೆ.

● ಹೊಸಪೇಟೆಯೂ ಹಂಪಿಯೂ ವಿಜಯನಗರ ಜಿಲ್ಲೆಯಲ್ಲಿವೆ, ಸಂಡೂರೂ ಕಂಪ್ಲಿಯೂ ಬಳ್ಳಾರಿ ಜಿಲ್ಲೆಯಲ್ಲೇ ಉಳಿದಿವೆ. ರಾಜ್ಯದ 31ನೇ ಜಿಲ್ಲೆಯಾದ ವಿಜಯನಗರ 2021ರ ಅಕ್ಟೋಬರ್ 2ರಂದು ಉದ್ಘಾಟನೆಯಾಯಿತು.

● ಎರಡೂ ಜಿಲ್ಲೆಗಳಿಗೆ ಸಂವಿಧಾನದ 371 (ಜೆ) ವಿಧಿ ಅನ್ವಯಿಸುತ್ತದೆ. 98ನೇ ತಿದ್ದುಪಡಿಯಿಂದ ಬಂದ ಈ ವಿಧಿ ಕಲ್ಯಾಣ ಕರ್ನಾಟಕದ ಏಳು ಜಿಲ್ಲೆಗಳ ಅಭ್ಯರ್ಥಿಗಳಿಗೆ ಶಿಕ್ಷಣ ಮತ್ತು ಉದ್ಯೋಗದಲ್ಲಿ ಮೀಸಲಾತಿಯ ದಾರಿ ತೆರೆಯಿತು. ಅರ್ಹತಾ ಪತ್ರ ಮಾಡಿಸದೆ ಅವಕಾಶ ಕಳೆದುಕೊಳ್ಳುವ ಮಕ್ಕಳಿಗೆ ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ.

● 2024ರ ನವೆಂಬರ್‌ನಲ್ಲಿ ಸಂಡೂರಿನಲ್ಲಿ ಉಪಚುನಾವಣೆ ಯಾಕೆ ಬಂತು? ಶಾಸಕರಾಗಿದ್ದ ಇ. ತುಕಾರಾಂ ಬಳ್ಳಾರಿಯ ಸಂಸದರಾದರು, ಸ್ಥಾನ ತೆರವಾಯಿತು. ಗೆದ್ದವರು ಇ. ಅನ್ನಪೂರ್ಣ ತುಕಾರಾಂ.

● ಹಂಪಿ 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿತು. 1999ರಲ್ಲಿ ‘ಅಪಾಯದಲ್ಲಿರುವ’ ತಾಣಗಳ ಪಟ್ಟಿಗೂ ಸೇರಿತು, ಆನೆಗೊಂದಿ ಕಡೆಗಿನ ಸೇತುವೆ ಕಾಮಗಾರಿ ದೊಡ್ಡ ಕಾರಣ. ಆ ಪಟ್ಟಿಯಿಂದ ಹೊರಬಂದದ್ದು 2006ರಲ್ಲಿ. ಅಭಿವೃದ್ಧಿ ಮತ್ತು ಪರಂಪರೆಯ ಈ ಜಗ್ಗಾಟ ಇಂದಿಗೂ ಮುಗಿದಿಲ್ಲ.

● 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ-20 ಸಭೆ ನಡೆದಾಗ ಸಂಡೂರಿನ ಲಂಬಾಣಿ ಕಸೂತಿಯ 1,755 ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆ ಬರೆಯಿತು. ಈ ಕಸೂತಿಗೆ ಜಿಐ (ಭೌಗೋಳಿಕ ಸೂಚಿಕೆ) ಮಾನ್ಯತೆಯೂ ಇದೆ.

ಶುರು ಮಾಡುವವರಿಗೆ

● ಒಳ್ಳೆಯ ಕಂತಿಗೆ ಐದು ಪ್ರಶ್ನೆ ಸಾಕು: ಏನಾಯಿತು? ಯಾಕಾಯಿತು? ಹಿಂದೆ ಹೀಗೆ ಆಗಿತ್ತೇ? ಯಾರಿಗೆ ಲಾಭ, ಯಾರಿಗೆ ಕಷ್ಟ? ಮುಂದೆ ಯಾವ ದಿನಾಂಕದ ಮೇಲೆ ಕಣ್ಣಿಡಬೇಕು?

● ಅಂಕಿಯನ್ನು ಮೂಲದಿಂದಲೇ ತೆಗೆದುಕೊಳ್ಳಿ. ಜಲಾಶಯದ ಮಟ್ಟ, ಸಂಗ್ರಹ, ಒಳಹರಿವು, ಹೊರಹರಿವನ್ನು ತುಂಗಭದ್ರಾ ಮಂಡಳಿ ಪ್ರತಿದಿನ ಪ್ರಕಟಿಸುತ್ತದೆ. ಫಾರ್ವರ್ಡ್ ಆದ ಸಂದೇಶ ಮೂಲವಲ್ಲ.

● ಮೈಕ್, ಸ್ಟುಡಿಯೊ ಇಲ್ಲವೆಂದು ಕೈಕಟ್ಟಿ ಕೂರಬೇಡಿ. ಕಿಟಕಿ ಬಾಗಿಲು ಮುಚ್ಚಿ, ಫ್ಯಾನ್ ನಿಲ್ಲಿಸಿ, ಬಟ್ಟೆ ತುಂಬಿದ ಬೀರುವಿನ ಎದುರು ಕೂತು ಮೊಬೈಲಿನಲ್ಲಿ ಮಾತಾಡಿದರೂ ದನಿ ಸ್ವಚ್ಛವಾಗಿ ಬರುತ್ತದೆ. ಬಟ್ಟೆ ಪ್ರತಿಧ್ವನಿಯನ್ನು ಹೀರಿಕೊಳ್ಳುತ್ತದೆ.

● ಮೊದಲ ಕಂತಿಗೆ ವಿಷಯ ಹುಡುಕಿಕೊಂಡು ಬೆಂಗಳೂರು, ದೆಹಲಿಗೆ ಹೋಗಬೇಕಾಗಿಲ್ಲ. ಇವತ್ತಿನ ಡ್ಯಾಂ ಮಟ್ಟ ಎಷ್ಟು, ಅದು ಕಂಪ್ಲಿಯ ಗದ್ದೆಗೂ ಹೊಸಪೇಟೆಯ ನಲ್ಲಿಗೂ ಏನು ಹೇಳುತ್ತದೆ ಎಂಬುದರಿಂದಲೇ ಆರಂಭಿಸಿ. ಕೇಳುವವರು ಮನೆಯಲ್ಲೇ ಇದ್ದಾರೆ: ಓದಲು ಬಿಡುವಿಲ್ಲದ ಅಮ್ಮ, ಕಣ್ಣು ಮಂಜಾದ ಅಜ್ಜ, ಪರೀಕ್ಷೆಗೆ ಓದುತ್ತಿರುವ ತಮ್ಮ. ಅವರಿಗೆ ತಿಳಿದರೆ ಊರಿಗೇ ತಿಳಿದಂತೆ.