ಅಂಗಾಲಿನ ಜೋಮು ಮತ್ತು ಬಿ-12ರ ಕೊರತೆ

ಅಂಗಾಲು ಜೋಮು ಹಿಡಿಯುವುದು, ಬೆರಳ ತುದಿಯಲ್ಲಿ ಇರುವೆ ಹರಿದಂತಾಗುವುದು, ಕಾಲಿನಿಂದ ಚಪ್ಪಲಿ ಕಳಚಿದರೂ ತಿಳಿಯದಿರುವುದು, ಕತ್ತಲಲ್ಲಿ ನಡೆಯುವಾಗ ತೂರಾಡುವುದು – ನಡುವಯಸ್ಸು ದಾಟಿದವರಲ್ಲಿ ಈ ದೂರುಗಳು ಇಂದು ಸಾಮಾನ್ಯವಾಗಿವೆ. ಕೆಲವರು ಇದನ್ನು ‘ವಾಯು’ ಎಂದು ಎಣ್ಣೆ ತಿಕ್ಕಿಸಿಕೊಳ್ಳುತ್ತಾರೆ. ಕೆಲವರು ‘ನರದ ಬಲಹೀನತೆ’ ಎಂದು ಔಷಧದ ಅಂಗಡಿಯಿಂದ ಮಾತ್ರೆ ತಂದು ನುಂಗುತ್ತಾರೆ. ಕಾರಣದ ವಿಚಾರಣೆಯನ್ನು ಇಬ್ಬರೂ ಮಾಡುವುದಿಲ್ಲ.

ವಾತಪ್ರಕೋಪಕ್ಕೆ ಚರಕ ಸಂಹಿತೆಯು ಎರಡು ಕಾರಣಗಳನ್ನು ಹೇಳುತ್ತದೆ: ಧಾತುಗಳ ಕ್ಷಯ ಮತ್ತು ಮಾರ್ಗದ ಆವರಣ. ಕ್ಷಯದಿಂದ ಬಂದುದಕ್ಕೆ ಕೊರತೆಯನ್ನು ತುಂಬುವುದೇ ಚಿಕಿತ್ಸೆ. ಅಭ್ಯಂಗವು ನೋವನ್ನು ಶಮನಗೊಳಿಸಬಹುದು. ಆಹಾರದಲ್ಲಿಲ್ಲದ ಸತ್ವವನ್ನು ಒದಗಿಸಲಾರದು. ಸಸ್ಯಾಹಾರಿಗಳಾದ ನಮ್ಮಲ್ಲಿ ಮುಖ್ಯವಾಗಿ ಶಂಕಿಸಬೇಕಾದ ಕೊರತೆ ವಿಟಮಿನ್ ಬಿ-12.

ನರಗಳ ಮೇಲಿನ ಹೊದಿಕೆಯ ರಕ್ಷಣೆಗೂ ರಕ್ತಕಣಗಳ ಉತ್ಪತ್ತಿಗೂ ಈ ಸತ್ವ ಅವಶ್ಯಕ. 1948ರಲ್ಲಿ ವಿಜ್ಞಾನಿಗಳು ಇದನ್ನು ಬೇರ್ಪಡಿಸಿದರು. ಇದನ್ನು ಸೂಕ್ಷ್ಮಾಣುಜೀವಿಗಳು ಮಾತ್ರ ಸೃಷ್ಟಿಸಬಲ್ಲವು, ಸಸ್ಯಗಳು ಸೃಷ್ಟಿಸಲಾರವು. ನಮ್ಮ ರಾಗಿಮುದ್ದೆ, ಹುರುಳಿ, ಸೊಪ್ಪಿನ ಸಾರು ಸುಣ್ಣ, ಕಬ್ಬಿಣ, ಪ್ರೋಟೀನುಗಳಿಗೆ ಶ್ರೇಷ್ಠವಾದರೂ ಅವುಗಳಲ್ಲಿ ಬಿ-12 ಇಲ್ಲ. ಸಸ್ಯಾಹಾರಿಗೆ ಹಾಲು, ಮೊಸರುಗಳೇ ಮೂಲ. 100 ಮಿ.ಲೀ. ಹಾಲಿನಲ್ಲಿ ಸುಮಾರು 0.4 ಮೈಕ್ರೋಗ್ರಾಂ ಇದೆ. ವಯಸ್ಕರಿಗೆ ದಿನಕ್ಕೆ ಬೇಕಾದುದು 2ರಿಂದ 2.5 ಮೈಕ್ರೋಗ್ರಾಂ. ಅಂದರೆ ಹಾಲು, ಮೊಸರು ಸೇರಿ ಅರ್ಧ ಲೀಟರಿಗೂ ಮಿಗಿಲು.

ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲದ ಹಳ್ಳಿಗಳು ಹಾಲಿಗೆ ಹೆಸರಾದವು. ಆದರೆ ಕರೆದ ಹಾಲಿನ ಬಹುಪಾಲು ಡೇರಿಗೆ ಸಲ್ಲುತ್ತದೆ. ಉಳಿದುದು ಮಕ್ಕಳಿಗೆ, ಕಾಫಿಗೆ, ಹೆಪ್ಪಿಗೆ. ಹಸುವನ್ನು ಕರೆದ ತಾಯಿಗೆ ಎಷ್ಟೋ ಮನೆಗಳಲ್ಲಿ ದಕ್ಕುವುದು ನೀರು ಮಜ್ಜಿಗೆ ಮಾತ್ರ. ಹಾಲನ್ನು ಅಳೆಯಲು ಒಯ್ಯುವ ಮುನ್ನವೇ ಮನೆಯ ಹಿರಿಯರಿಗೂ ಗೃಹಿಣಿಗೂ ಅವರ ಪಾಲನ್ನು ತೆಗೆದಿರಿಸಬೇಕು. ಗರ್ಭಿಣಿ, ಬಾಣಂತಿಯರ ವಿಷಯದಲ್ಲಂತೂ ಇದು ಕರ್ತವ್ಯ. ತಾಯಿಯ ಕೊರತೆ ಎದೆಹಾಲಿನ ಮೂಲಕ ಶಿಶುವನ್ನೂ ಬಾಧಿಸುತ್ತದೆಂದು ವೆಲ್ಲೂರಿನ ವೈದ್ಯರು 1962ರಲ್ಲಿಯೇ ವರದಿ ಮಾಡಿದ್ದಾರೆ.

ಯಕೃತ್ತಿನಲ್ಲಿ ಈ ಸತ್ವದ ಸಂಗ್ರಹ ವರ್ಷಗಟ್ಟಲೆ ಇರುವುದರಿಂದ ಕೊರತೆ ಮೆಲ್ಲನೆ ಆವರಿಸುತ್ತದೆ. ಮಧುಮೇಹಕ್ಕೆ ಮೆಟ್‌ಫಾರ್ಮಿನ್ ಅಥವಾ ಆಮ್ಲಪಿತ್ತಕ್ಕೆ ಒಮೆಪ್ರಜೋಲ್ ಮಾತ್ರೆಗಳನ್ನು ಬಹುಕಾಲ ಸೇವಿಸುವವರಲ್ಲಿ ಬಿ-12ರ ಹೀರಿಕೆ ಕುಗ್ಗಬಹುದು. ಮಾತ್ರೆಯನ್ನು ತಾವೇ ನಿಲ್ಲಿಸದೆ ವೈದ್ಯರಿಗೆ ತಿಳಿಸಿರಿ.

ಸ್ನಾಯುಗಳ ಬಲಹೀನತೆಗೆ ಇನ್ನೊಂದು ಕಾರಣ ವಿಟಮಿನ್ ಡಿ ಕೊರತೆ. ಕುಕ್ಕರುಗಾಲಿನಿಂದ ಏಳಲು, ಮೆಟ್ಟಿಲು ಹತ್ತಲು ತೊಡೆಗಳಿಗೆ ಶಕ್ತಿ ಸಾಲದು. ದಿನವಿಡೀ ವಿದ್ಯುತ್ ಮಗ್ಗದ ಕೊಠಡಿಯಲ್ಲಿ ದುಡಿಯುವ ನೇಕಾರರಿಗೆ ಬಿಸಿಲು ಅಪರೂಪ.

ಪೂರಕ ಮಾತ್ರೆಗಳಲ್ಲಿಯೂ ವಿವೇಕ ಬೇಕು. ಮೊದಲು ರಕ್ತಪರೀಕ್ಷೆ, ಅನಂತರ ಮಾತ್ರೆ. ಮೊದಲೇ ನುಂಗಿದರೆ ಪರೀಕ್ಷೆಯ ಫಲಿತಾಂಶ ದಾರಿ ತಪ್ಪಿಸುತ್ತದೆ. ಸಕ್ಕರೆ ಹಾಗೂ ಥೈರಾಯ್ಡ್ ಪರೀಕ್ಷೆಗಳೂ ಜೊತೆಗಿರಲಿ. ಫೋಲಿಕ್ ಆಮ್ಲವನ್ನಷ್ಟೇ ಸೇವಿಸಿದರೆ ರಕ್ತಹೀನತೆ ಸುಧಾರಿಸಿದಂತೆ ಕಂಡರೂ ನರಗಳ ಹಾನಿ ಮುಂದುವರಿಯಬಹುದು. ಬಿ-6 ಅತಿಯಾದರೆ ಅದೇ ನರಗಳನ್ನು ಕೆಡಿಸುತ್ತದೆ. ಡಿ ಅತಿಯಾದರೆ ರಕ್ತದಲ್ಲಿ ಸುಣ್ಣದಂಶ ಏರಿ ಮೂತ್ರಪಿಂಡಗಳಿಗೆ ಅಪಾಯ. ನರಗಳ ಲಕ್ಷಣಗಳಿದ್ದಲ್ಲಿ ಸಾಮಾನ್ಯವಾಗಿ ಬಿ-12 ಚುಚ್ಚುಮದ್ದಿನಿಂದಲೇ ಚಿಕಿತ್ಸೆ ಆರಂಭವಾಗುತ್ತದೆ.

ಈ ಮಾತ್ರೆ ಮಾಂಸಜನ್ಯವೇ ಎಂಬ ಸಂದೇಹ ಭಕ್ತರಲ್ಲಿ ಉಂಟು. ಇಂದು ಬಿ-12 ಅನ್ನು ಸೂಕ್ಷ್ಮಾಣುಗಳ ಹುದುಗುವಿಕೆಯಿಂದಲೇ ತಯಾರಿಸುತ್ತಾರೆ. ಆದರೆ ಕ್ಯಾಪ್ಸೂಲಿನ ಹೊರಕವಚ ಪ್ರಾಣಿಜನ್ಯ ಜೆಲಾಟಿನ್ ಆಗಿರಬಹುದು. ಆದುದರಿಂದ ವಿಚಾರಿಸಿ ಕೊಳ್ಳಿರಿ. ಕೊರತೆಯನ್ನು ತುಂಬಿಕೊಳ್ಳಲು ಸಸ್ಯಾಹಾರವನ್ನು ತೊರೆಯಬೇಕಾಗಿಲ್ಲ.

ಕಾಲುಗಳ ಶಕ್ತಿ ಕೆಲವೇ ದಿನಗಳಲ್ಲಿ ಕುಂದಿದರೆ ಅಥವಾ ಮಲಮೂತ್ರಗಳ ಹಿಡಿತ ತಪ್ಪಿದರೆ ಅದೇ ದಿನ ಆಸ್ಪತ್ರೆಗೆ ಧಾವಿಸಿರಿ. ತಿಂಗಳುಗಳಿಂದ ಜೋಮಿರುವವರೂ ತಡಮಾಡಬಾರದು. ಬೇಗ ಗುರುತಿಸಿದ ಕೊರತೆಯಲ್ಲಿ ನರಗಳು ಚೇತರಿಸಿಕೊಳ್ಳುವ ಸಂಭವ ಹೆಚ್ಚು, ಬಹುಕಾಲ ಕಡೆಗಣಿಸಿದ ಹಾನಿ ಶಾಶ್ವತವಾಗಿ ಉಳಿಯಬಹುದು.