ನಿಮಗಿದು ಗೊತ್ತೇ? ಪರರಾಜ್ಯಕ್ಕೆ ಕೈಜೋಡಿಸಿದರೆ…

ಕುಂದಾಪುರದ ಮಗ್ಗುಲಲ್ಲೇ ಇರುವ ಬಸ್ರೂರು ಈಗ ತಣ್ಣಗಿನ ಊರು. ಆದರೆ ಪೋರ್ಚುಗೀಸರ ಬಾಯಲ್ಲಿ ಇದು ‘ಬಾರ್ಸೆಲೋರ್’! ಗೋವಾದಲ್ಲಿ ಕೂತಿದ್ದ ಅವರಿಗೆ ಉಣ್ಣಲು ಬಸ್ರೂರಿನ ಅಕ್ಕಿ ಬೇಕಿತ್ತು. ಇಷ್ಟು ಬೇಕಾಗಿದ್ದ ಬಂದರಿನಲ್ಲಿ ಹೊರಗಿನವರ ಜೊತೆ ಯಾರ ಸ್ನೇಹ, ಯಾರ ದ್ರೋಹ ಎಂಬ ಪ್ರಶ್ನೆ ಏಳದೆ ಇದ್ದೀತೇ?

ನಮ್ಮದೇ ಕಡಲು, ನಮ್ಮದೇ ಹಡಗು. ಅಪ್ಪಣೆ ಮಾತ್ರ ಅವರದು! ಪೋರ್ಚುಗೀಸರು ಕೊಡುತ್ತಿದ್ದ ‘ಕಾರ್ತಾಜ್’ ಎಂಬ ರಹದಾರಿ ಚೀಟಿ ಇಲ್ಲದೆ ಹೊರಟ ಹಡಗು ಅವರ ಕೈಗೆ ಸಿಕ್ಕರೆ ಸರಕೂ ಹೋಯಿತು, ಹಡಗೂ ಹೋಯಿತು. ಅವರ ಶತ್ರುಗಳನ್ನು ಹತ್ತಿಸಿಕೊಂಡು ಹೋಗುವಂತೆಯೂ ಇರಲಿಲ್ಲ. ಒಂದು ಚೀಟಿಯಲ್ಲಿ ಇಡೀ ಕಡಲಿಗೆ ಬೀಗ!

1510ರಲ್ಲಿ ಗೋವಾ ಪೋರ್ಚುಗೀಸರ ಕೈಸೇರಿತು. ಬಿಜಾಪುರದ ಸುಲ್ತಾನನ ಆ ಬಂದರಿನ ಮೇಲೆ ನುಗ್ಗಲು ಪೋರ್ಚುಗೀಸ್ ನಾಯಕ ಅಲ್ಬುಕರ್ಕನನ್ನು ಹುರಿದುಂಬಿಸಿದವನು ಯಾರು ಗೊತ್ತೇ? ನಮ್ಮ ಹೊನ್ನಾವರದ ಕಡಲ ನಾಯಕ ತಿಮ್ಮಯ್ಯ! ಪೋರ್ಚುಗೀಸರು ಅವನನ್ನು ‘ತಿಮೋಜ’ ಎಂದರು. ಅವರಿಗೆ ಅವನು ಮಿತ್ರ. ಬಿಜಾಪುರದವರಿಗೆ? ನೀವೇ ಊಹಿಸಿ!

ಈಗ ಇನ್ನೂ ಹತ್ತಿರ ಬನ್ನಿ. 1783ರ ಜನವರಿ. ಹೈದರಲಿ ತೀರಿಕೊಂಡು ಎರಡು ತಿಂಗಳೂ ಆಗಿರಲಿಲ್ಲ. ಇಂಗ್ಲಿಷ್ ಸೇನಾಪತಿ ಮ್ಯಾಥ್ಯೂಸ್ ಕುಂದಾಪುರ ಹಿಡಿದ, ಹೊಸಂಗಡಿ ಘಾಟಿ ಹತ್ತಿದ. ಮೇಲೆ ಬಿದನೂರು, ಅಂದರೆ ಇಂದಿನ ನಗರ. ಅಲ್ಲಿ ಭಾರೀ ಯುದ್ಧ ನಡೆಯಿತೇ? ಇಲ್ಲ! ಅಲ್ಲಿನ ಅಧಿಕಾರಿ ಶೇಖ್ ಅಯಾಜ್ ಊರನ್ನೇ ಒಪ್ಪಿಸಿಬಿಟ್ಟ!

ಈ ಅಯಾಜ್ ಬೇರೆ ಯಾರೂ ಅಲ್ಲ. ಮಲಬಾರಿನಿಂದ ಸೆರೆಯಾಗಿ ಬಂದ ಹುಡುಗ. ಹೈದರ್ ಮೆಚ್ಚಿ ಬೆಳೆಸಿದವನು. ಟಿಪ್ಪುವಿಗೆ ಮಾತ್ರ ಅವನನ್ನು ಕಂಡರಾಗದು!

ಮುಂದೇನಾಯಿತು ಕೇಳಿ. ಟಿಪ್ಪು ಕೆಲವೇ ತಿಂಗಳಲ್ಲಿ ಬಿದನೂರನ್ನು ಮರಳಿ ಗೆದ್ದ. ಊರು ಒಪ್ಪಿಸಿದ ಅಯಾಜ್ ಇಂಗ್ಲಿಷರ ಆಶ್ರಯದಲ್ಲಿ ಬದುಕಿಕೊಂಡ. ಒಪ್ಪಿಸಿಕೊಂಡ ಮ್ಯಾಥ್ಯೂಸ್ ಟಿಪ್ಪುವಿನ ಸೆರೆಯಲ್ಲೇ ಸತ್ತ! ಎಂಥ ತಿರುವು ನೋಡಿ!

ಮೈಸೂರಿನ ರಾಣಿ ಲಕ್ಷ್ಮಮ್ಮಣ್ಣಿಯೂ 1782ರಲ್ಲಿ ಇಂಗ್ಲಿಷರ ಜೊತೆ ಗುಟ್ಟಾಗಿ ಒಪ್ಪಂದ ಮಾಡಿಕೊಂಡಿದ್ದರು. ಸಿಂಹಾಸನ ತಮ್ಮ ಮನೆತನಕ್ಕೆ ಮರಳಲಿ ಎಂಬುದು ಅವರ ಆಸೆ. 1799ರಲ್ಲಿ ಅದು ಕೈಗೂಡಿತು. ಇಂಗ್ಲಿಷರ ಜೊತೆ ಸೇರಿದ್ದನೆಂದು ಟಿಪ್ಪುವಿನ ಮಂತ್ರಿ ಮೀರ್ ಸಾದಿಕನನ್ನು ಜನ ಇಂದಿಗೂ ದ್ರೋಹಿ ಅನ್ನುತ್ತಾರೆ. ರಾಣಿಯನ್ನು ರಾಜಮಾತೆ ಎಂದು ನೆನೆಯುತ್ತಾರೆ!

ಬಿದನೂರು ಒಪ್ಪಿಸಿಕೊಂಡ ಅದೇ ಇಂಗ್ಲಿಷರು 1860ರಲ್ಲಿ ನಮಗೆ ದಂಡಸಂಹಿತೆ ಬರೆದುಕೊಟ್ಟರು. ಇಂಗ್ಲೆಂಡಿನ ಕಾನೂನಿನಲ್ಲಿ ‘ಟ್ರೀಸನ್’ ಬಲು ದೊಡ್ಡ ಅಪರಾಧ. ನಮ್ಮ ಸಂಹಿತೆಯಲ್ಲಿ ಆ ಹೆಸರಿನ ಅಪರಾಧವೇ ಇಲ್ಲ! ಅದರ ಜಾಗದಲ್ಲಿ ‘ಸರ್ಕಾರದ ವಿರುದ್ಧ ಯುದ್ಧ ಹೂಡುವುದು’ ಎಂಬ 121ನೇ ಸೆಕ್ಷನ್. ಶಿಕ್ಷೆ ಮರಣದಂಡನೆ ಅಥವಾ ಜೀವಾವಧಿ. 2024ರ ಜುಲೈ 1ರಿಂದ ಅದು ಭಾರತೀಯ ನ್ಯಾಯ ಸಂಹಿತೆಯ 147ನೇ ಸೆಕ್ಷನ್. ನಂಬರ್ ಬದಲಾಯಿತು, ಖಾರ ಕಡಿಮೆಯಾಗಲಿಲ್ಲ!

ನಮ್ಮ ದೇಶದ ಮೇಲಷ್ಟೇ ಅಲ್ಲ, ನಮ್ಮೊಂದಿಗೆ ಶಾಂತಿಯಿಂದಿರುವ ಬೇರೆ ದೇಶದ ಸರ್ಕಾರದ ಮೇಲೆ ಯುದ್ಧ ಹೂಡಿದರೂ ಅಪರಾಧ! ಇದು ಹೊಸ ಸಂಹಿತೆಯ 153ನೇ ಸೆಕ್ಷನ್. ಗರಿಷ್ಠ ಶಿಕ್ಷೆ ಜೀವಾವಧಿ. ಆದರೆ ಬರೀ ದಂಡ ಕಟ್ಟಿಸಿ ಬಿಡಲೂ ಅವಕಾಶವಿದೆ. ಯುದ್ಧ ಹೂಡಿದ್ದಕ್ಕೆ ದಂಡ!

ಗೂಢಚಾರರನ್ನು ಹಿಡಿಯುವ ಅಧಿಕೃತ ರಹಸ್ಯಗಳ ಕಾಯ್ದೆ ಯಾವ ಕಾಲದ್ದು? 1923ರದ್ದು! ನೂರು ವರ್ಷ ದಾಟಿದರೂ ಇನ್ನೂ ಜಾರಿಯಲ್ಲಿದೆ. ರಕ್ಷಣೆಗೆ ಸಂಬಂಧಿಸಿದ ಗೂಢಚರ್ಯೆಗೆ 14 ವರ್ಷದವರೆಗೆ ಜೈಲು.

ಈ ಕಾಯ್ದೆಯಲ್ಲಿ ‘ಫೋಟೋ’ ಅಂದರೆ ತೊಳೆಯದ ಫಿಲ್ಮ್ ರೋಲ್ ಕೂಡ ಸೇರುತ್ತದೆ! ಚಿತ್ರ ಇನ್ನೂ ಮೂಡಿಯೇ ಇಲ್ಲ, ಕಾನೂನಿಗೆ ಆಗಲೇ ಕಂಡಿದೆ!

ವಿದೇಶಿ ಗೂಢಚಾರನ ಹೆಸರೋ ವಿಳಾಸವೋ ನಿಮ್ಮ ಬಳಿ ಸಿಕ್ಕಿತು ಅನ್ನಿ. ಅವನೊಂದಿಗೆ ನಿಮಗೆ ಸಂಪರ್ಕವಿತ್ತೆಂದು ಕೋರ್ಟು ಭಾವಿಸಬಹುದು. ಇಲ್ಲವೆಂದು ತೋರಿಸುವ ಹೊರೆ ನಿಮ್ಮದೇ! ಗೊತ್ತಿದ್ದೂ ಗೂಢಚಾರನಿಗೆ ಮನೆಯಲ್ಲಿ ಜಾಗ ಕೊಟ್ಟರೆ ಅದೂ ಅಪರಾಧವೇ.

ಕಡಲಾಚೆಯ ಕಥೆ ಇನ್ನೂ ವಿಚಿತ್ರ. ವಿಲಿಯಂ ಜಾಯ್ಸ್ ಹುಟ್ಟಿದ್ದು ಅಮೆರಿಕದಲ್ಲಿ. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಜರ್ಮನಿಯ ರೇಡಿಯೋದಲ್ಲಿ ಬ್ರಿಟನ್ ವಿರುದ್ಧ ಮಾತಾಡಿದ. ಬ್ರಿಟನ್ನಿನ ಪ್ರಜೆಯೇ ಅಲ್ಲದವನ ಮೇಲೆ ಬ್ರಿಟನ್ನಿಗೆ ದ್ರೋಹ ಬಗೆದ ಆರೋಪ ಹೇಗೆ ನಿಂತೀತು? ಸುಳ್ಳು ಹೇಳಿ ಅವನು ಬ್ರಿಟಿಷ್ ಪಾಸ್‌ಪೋರ್ಟ್ ಪಡೆದಿದ್ದ. 1946ರ ಜನವರಿ 3ರಂದು ಗಲ್ಲಿಗೇರಿದ. ಆ ಪಾಸ್‌ಪೋರ್ಟೇ ಅವನಿಗೆ ಉರುಳಾಯಿತು!

ಅವನನ್ನು ಗಲ್ಲಿಗೇರಿಸಿದ ಕಾನೂನು ಯಾವ ವರ್ಷದ್ದು ಗೊತ್ತೇ? 1351! ನಮ್ಮ ವಿಜಯನಗರ ಆಗ ಇನ್ನೂ ಎಳೆಯ ರಾಜ್ಯ!

ಮತ್ತೆ ನಮ್ಮ ಕರಾವಳಿಗೇ ಬರೋಣ. 2025ರ ನವೆಂಬರಿನಲ್ಲಿ ಮಲ್ಪೆ ಪೊಲೀಸರು ಹಡಗುಕಟ್ಟೆಯ ಇಬ್ಬರು ಕೆಲಸಗಾರರನ್ನು ಬಂಧಿಸಿದರು. ಹಡಗುಗಳ ಮಾಹಿತಿಯನ್ನು ವಾಟ್ಸಾಪಿನಲ್ಲಿ ಪಾಕಿಸ್ತಾನಕ್ಕೆ ಕಳಿಸಿದರೆಂಬುದು ಆರೋಪ. ಹಾಕಿದ ಕಾನೂನು? ಅದೇ 1923ರ ಕಾಯ್ದೆ, ಜೊತೆಗೆ ದೇಶದ ಸಾರ್ವಭೌಮತ್ವ, ಏಕತೆಗೆ ಧಕ್ಕೆ ತರುವ ಕೃತ್ಯಗಳ ಕುರಿತ ಹೊಸ ಸಂಹಿತೆಯ 152ನೇ ಸೆಕ್ಷನ್!

ಹಿಂದೆ ಬಸ್ರೂರಿನ ಹಡಗು ಕಡಲಿಗಿಳಿಯಲು ಒಂದು ಚೀಟಿ ಬೇಕಿತ್ತು. ಈಗ ಹಡಗಿನ ಗುಟ್ಟು ಕಡಲು ದಾಟಲು ಒಂದು ಮೆಸೇಜು ಸಾಕು. ಅದಕ್ಕೇ, ಹಡಗುಕಟ್ಟೆಯ ಫೋಟೋ ಕಳಿಸೆಂದು ಗುರುತಿಲ್ಲದ ‘ಸ್ನೇಹಿತ’ ಕೇಳಿದರೆ ಬೆರಳನ್ನು ಒಂದು ಕ್ಷಣ ತಡೆಯಿರಿ. ಆ ಒಂದು ಒತ್ತಿನ ಬೆಲೆ 14 ವರ್ಷವಾದೀತು!