ದಾರಿಯಲ್ಲಿ ನೀರಿಗೆ ಬಟ್ಟೆ, ಹಾಲಿಗೆ ಮಂಜುಗಡ್ಡೆ

ಬೇಸಿಗೆಯಲ್ಲಿ ಹರಿಹರದಿಂದ ಹೊರಟು, ಶಿವಮೊಗ್ಗ, ತೀರ್ಥಹಳ್ಳಿ ದಾಟಿ, ಆಗುಂಬೆ ಘಾಟಿ ಇಳಿದು ತಾವು ಕಾರಿನಲ್ಲಿ ಉಡುಪಿಗೆ ಹೋಗುವಿರೆಂದು ಭಾವಿಸೋಣ. ಕುಡಿಯುವ ನೀರಿನ ಪಾತ್ರೆಗೆ ಒದ್ದೆ ಬಟ್ಟೆ ಸುತ್ತಿ, ಗಾಳಿ ಬೀಸುವಲ್ಲಿಡಿ. ಒಂದು ಗ್ರಾಂ ನೀರು ಆವಿಯಾಗಲು ಸುಮಾರು 580 ಕ್ಯಾಲರಿ ಶಾಖ ಬೇಕು. ಅದರಲ್ಲಿ ಒಂದು ಪಾಲನ್ನು ಪಾತ್ರೆಯೇ ತೆರುತ್ತದೆ. ನಮ್ಮ ಬಯಲುಸೀಮೆಯ ಒಣಗಾಳಿಗೆ ಇದು ಒಳ್ಳೆಯ ಉಪಾಯ. ಘಾಟಿ ಇಳಿದ ಮೇಲೆ ಗಾಳಿಯೇ ತೇವ. ಬಟ್ಟೆ ಬೇಗ ಆರದು, ನೀರೂ ಅಷ್ಟು ತಣಿಯದು.

ಮಗುವಿನ ಹಾಲನ್ನು ಮಾತ್ರ ಈ ಉಪಾಯಕ್ಕೆ ಒಪ್ಪಿಸಬೇಡಿ. ರೋಗಾಣುಗಳು 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ಹೆಚ್ಚುತ್ತವೆ. ಒದ್ದೆ ಬಟ್ಟೆ ಅಷ್ಟು ಕೆಳಗೆ ಇಳಿಸಲಾರದು. ಇದಕ್ಕೆ ಮಂಜುಗಡ್ಡೆಯೇ ಬೇಕು. ಥರ್ಮೊಕೋಲ್ ಪೆಟ್ಟಿಗೆ ಇಲ್ಲದಿದ್ದರೆ ಮರದ ಪೆಟ್ಟಿಗೆಗೆ ಒಣಗಿದ ಭತ್ತದ ಹೊಟ್ಟು ತುಂಬಿ, ನಡುವೆ ಮುಚ್ಚಳವಿರುವ ಡಬ್ಬಿಯನ್ನು ಹೂತಿಡಿ. ಹೊಟ್ಟಿನೊಳಗೆ ಸಿಕ್ಕಿಕೊಂಡ ಗಾಳಿ ಹೊರಗಿನ ಶಾಖವನ್ನು ತಡೆಯುತ್ತದೆ. ಡಬ್ಬಿಯಲ್ಲಿ ಮಂಜುಗಡ್ಡೆಯನ್ನೂ, ಕಾಯಿಸಿ ಮೊದಲೇ ತಣಿಸಿದ ಹಾಲಿನ ಸೀಸೆಯನ್ನೂ ಇಡಿ. ಪದೇ ಪದೇ ತೆರೆಯಬೇಡಿ.

ಮಂಜು ಕರಗಿ, ಸೀಸೆ ಬೆಚ್ಚಗಾಗಿ ಒಂದು ಗಂಟೆ ಕಳೆದಿದ್ದರೆ ಆ ಹಾಲನ್ನು ಚೆಲ್ಲಿರಿ. ಹಾಲು ಒಡೆಯದಿದ್ದರೂ, ವಾಸನೆ ಬರದಿದ್ದರೂ ಅದು ಕೆಟ್ಟಿರಬಹುದು. ಒಂದು ಸೀಸೆ ಹಾಲು ಹೋದರೆ ಹೋಗಲಿ. ಮಗುವಿನ ಆರೋಗ್ಯ ದೊಡ್ಡದು.